ಹಳೆಯ ಡ್ರಾಕುಲಾ ನೋಡಬೇಕೆ? ಮೊದಲು ಪ್ರತಿ ಆರಿಸಿಕೊಳ್ಳಿ

ಬ್ರಾಮ್ ಸ್ಟೋಕರ್ ಬರೆದ ‘ಡ್ರಾಕುಲಾ’ ಕಾದಂಬರಿ ಬಂದಿದ್ದು 1897ರಲ್ಲಿ. ಅದನ್ನು ಓದಿ ಮುಗಿಸಿದವರು ಮುಂದೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಇದರ ಹಳೆಯ ಸಿನಿಮಾಗಳಲ್ಲಿ ಯಾವುದನ್ನು ನೋಡಲಿ? ವಿಜಯಪುರದಲ್ಲಿ ನಮ್ಮ ಓಣಿಯ ಕೆಲವರು ಸೇರಿ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಸಿನಿಮಾ ಹಾಕುತ್ತೇವೆ. ಸುಣ್ಣ ಬಳಿದ ಗೋಡೆಯೇ ಪರದೆ. ಅಲ್ಲಿಯೂ ಈ ಪ್ರಶ್ನೆ ಬಂತು. ಒಬ್ಬರು 1922ರದ್ದು ಅಂದರು. ಇನ್ನೊಬ್ಬರು 1931ರದ್ದೇ ಅಸಲಿ ಅಂದರು. ಕಾಲೇಜಿಗೆ ಹೋಗುವ ಹುಡುಗನೊಬ್ಬ, ‘ಅವೆಲ್ಲಾ ಯಾಕ್ರೀ ಕಾಕಾ, ಹೊಸಾದ ಹಾಕ್ರಿ’ ಅಂದ.

ನನ್ನ ಉತ್ತರ ಸ್ವಲ್ಪ ಬೇರೆ. ಇಷ್ಟು ಹಳೆಯ ಸಿನಿಮಾದ ವಿಷಯದಲ್ಲಿ ‘ಯಾವ ಚಿತ್ರ’ ಅನ್ನುವುದಕ್ಕಿಂತ ‘ಯಾವ ಪ್ರತಿ’ ಅನ್ನುವುದೇ ದೊಡ್ಡ ಪ್ರಶ್ನೆ. ಒಂದೇ ಚಿತ್ರದ ಒಂದು ಪ್ರತಿ ನೋಡಿದವರು ರಾತ್ರಿ ಮಾಳಿಗೆಯಿಂದ ಒಬ್ಬರೇ ಕೆಳಗೆ ಇಳಿಯಲು ಹಿಂದೆಮುಂದೆ ನೋಡುತ್ತಾರೆ. ಅದೇ ಚಿತ್ರದ ಇನ್ನೊಂದು ಪ್ರತಿ ನೋಡಿದವರು ನಕ್ಕು ಮಲಗುತ್ತಾರೆ. ಎರಡೂ ಗುಂಪಿನವರು ‘ನಾನು ಅದನ್ನು ನೋಡಿದ್ದೇನೆ’ ಅಂತಲೇ ಹೇಳುತ್ತಾರೆ.

ನಿಮ್ಮ ಮುಂದೆ ಇರುವುದು ಮುಖ್ಯವಾಗಿ ಮೂರು ಚಿತ್ರ. 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’. 1931ರ ಹಾಲಿವುಡ್ ‘ಡ್ರಾಕುಲಾ’. ಅದೇ ವರ್ಷ, ಅದೇ ಸೆಟ್ಟಿನಲ್ಲಿ ಬೇರೆ ತಂಡ ತೆಗೆದ ಸ್ಪ್ಯಾನಿಷ್ ‘ಡ್ರಾಕುಲಾ’. ಬಣ್ಣ ಬೇಕೇ ಬೇಕು ಅನ್ನುವವರಿಗೆ 1958ರದ್ದು ಇದೆ. ಅದರ ಬಗ್ಗೆ ಕೊನೆಗೆ ಎರಡು ಮಾತು.

ಒಂದೇ ಒಂದು ನೋಡುತ್ತೇನೆ ಅನ್ನುವವರಿಗೆ ಈಗಲೇ ಹೇಳಿಬಿಡುತ್ತೇನೆ: 1922ರದ್ದು ನೋಡಿ, ಬಣ್ಣದ ಛಾಯೆ ಇರುವ ದುರಸ್ತಿ ಮಾಡಿದ ಪ್ರತಿ ನೋಡಿ. ನಮ್ಮ ಕಡೆಯವರಿಗೆ ಅದು ಯಾಕೆ ಹೆಚ್ಚು ತಾಗುತ್ತದೆ ಅಂತ ಮುಂದೆ ಹೇಳುತ್ತೇನೆ.

ಈ ಚಿತ್ರ ಉಳಿದಿದ್ದೇ ಒಂದು ಕತೆ. ನಿರ್ದೇಶಕ ಎಫ್. ಡಬ್ಲ್ಯೂ. ಮುರ್ನೌ. ತೆಗೆದಿದ್ದು ಪ್ರಾಣಾ ಫಿಲ್ಮ್ ಎಂಬ ಸಣ್ಣ ಕಂಪನಿ. ಕಾದಂಬರಿಯ ಹಕ್ಕು ಕೊಂಡಿರಲಿಲ್ಲ. ಹೆಸರು ಬದಲಾಯಿಸಿದರೆ ಸಾಕು ಅಂದುಕೊಂಡರೋ ಏನೋ, ರಕ್ತ ಹೀರುವ ಕೌಂಟ್ ಡ್ರಾಕುಲಾ ಇಲ್ಲಿ ಕೌಂಟ್ ಓರ್ಲಾಕ್ ಆದ. ಅವನ ಕೋಟೆಗೆ ಹೋಗುವ ಯುವಕ ಜೊನಾಥನ್ ಹಾರ್ಕರ್ ಹುಟ್ಟರ್ ಆದ. ಹಾರ್ಕರ್‌ನ ಹೆಂಡತಿ ಮೀನಾ ಎಲೆನ್ ಆದಳು. ಊರು ಇಂಗ್ಲೆಂಡಿನಿಂದ ಜರ್ಮನಿಯ ವಿಸ್ಬೊರ್ಗ್ ಎಂಬ ಕಲ್ಪನೆಯ ಪಟ್ಟಣಕ್ಕೆ ಹೋಯಿತು. ಕತೆ 1838ಕ್ಕೆ ಹಿಂದೆ ಸರಿಯಿತು. ಸ್ಟೋಕರ್ ಆಗಲೇ ತೀರಿಕೊಂಡಿದ್ದ. ಅವನ ಹೆಂಡತಿ ಫ್ಲಾರೆನ್ಸ್ ಬಿಡಲಿಲ್ಲ. ಕೋರ್ಟಿಗೆ ಹೋದಳು. ಕಂಪನಿ ದಿವಾಳಿಯಾಗಿತ್ತು, ಕೊಡಲು ದುಡ್ಡಿರಲಿಲ್ಲ. ಕೊನೆಗೆ 1925ರಲ್ಲಿ ಜರ್ಮನ್ ಕೋರ್ಟು ಎಲ್ಲ ಪ್ರತಿಗಳನ್ನೂ ನಾಶ ಮಾಡಿ ಅಂತ ಹೇಳಿತು. ಅಷ್ಟರಲ್ಲಿ ಕೆಲವು ಪ್ರತಿಗಳು ಹೊರದೇಶ ಸೇರಿಬಿಟ್ಟಿದ್ದವು. ನಾವು ಇವತ್ತು ನೋಡುವುದು ಅವುಗಳ ಸಂತತಿಯನ್ನು. ಇತ್ತ ನಮ್ಮ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’, ಬೆಳಗಾವಿಯ ಪಕ್ಕದ ಕೊಲ್ಲಾಪುರದಲ್ಲೇ ಚಿತ್ರೀಕರಣವಾಗಿ 1934ರಲ್ಲಿ ತೆರೆಕಂಡಿದ್ದು, ಒಂದು ಪ್ರತಿಯೂ ಉಳಿದಿಲ್ಲ. ಅದನ್ನು ಸುಡಿ ಅಂತ ಯಾವ ಕೋರ್ಟೂ ಹೇಳಿರಲಿಲ್ಲ.

ಕಾದಂಬರಿ ಓದಿದವರಿಗೆ 1922ರ ಚಿತ್ರದಲ್ಲಿ ಎರಡು ಬದಲಾವಣೆ ತಕ್ಷಣ ಕಾಣುತ್ತವೆ. ಒಂದು, ಬಿಸಿಲು. ಸ್ಟೋಕರ್‌ನ ಡ್ರಾಕುಲಾ ಹಗಲಿನಲ್ಲೂ ಲಂಡನ್ನಿನಲ್ಲಿ ಓಡಾಡುತ್ತಾನೆ, ಶಕ್ತಿ ಕಡಿಮೆ ಇರುತ್ತದೆ ಅಷ್ಟೇ. ಕೊನೆಗೆ ಅವನು ಸಾಯುವುದು ಎರಡು ಚಾಕುವಿನಿಂದ. ಅದರಲ್ಲಿ ಒಂದು ಗೂರ್ಖಾಗಳ ಕುಕ್ರಿ. ಬಿಸಿಲು ಬಿದ್ದರೆ ರಕ್ತಪಿಶಾಚಿ ಹೊಗೆಯಾಗುತ್ತದೆ ಎಂಬುದನ್ನು ಸಿನಿಮಾಕ್ಕೆ ತಂದಿದ್ದು ಮುರ್ನೌ ತಂಡ. ಕೋಳಿ ಕೂಗುತ್ತದೆ, ಬೆಳಕು ಬರುತ್ತದೆ, ಓರ್ಲಾಕ್ ಮಾಯವಾಗುತ್ತಾನೆ. ಕೋಳಿ ಕೂಗಿದರೆ ದೆವ್ವ ನಿಲ್ಲುವುದಿಲ್ಲ ಅಂತ ಕೇಳಿ ಬೆಳೆದ ನಮಗೆ ಇದು ಹೊಸದು ಅನಿಸುವುದೇ ಇಲ್ಲ.

ಎರಡನೆಯದು ಪ್ಲೇಗ್. ಕಾದಂಬರಿಯಲ್ಲಿ ಅದು ಇಲ್ಲ. ಚಿತ್ರದಲ್ಲಿ ಓರ್ಲಾಕ್ ಹಡಗಿನಲ್ಲಿ ಬರುವಾಗ ಮಣ್ಣು ತುಂಬಿದ ಪೆಟ್ಟಿಗೆಗಳ ಜೊತೆ ಇಲಿಗಳೂ ಬರುತ್ತವೆ. ಹಡಗಿನವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಊರಿಗೆ ರೋಗ ಬರುತ್ತದೆ. ಡಂಗುರ ಹೊಡೆದು ಬಾಗಿಲು ಹಾಕಿಕೊಳ್ಳಿ ಅಂತ ಸಾರುತ್ತಾರೆ. ಬಾಗಿಲುಗಳ ಮೇಲೆ ಗುರುತು ಬೀಳುತ್ತದೆ. ಖಾಲಿ ಬೀದಿಯಲ್ಲಿ ಶವಪೆಟ್ಟಿಗೆಗಳ ಸಾಲು ಸಾಗುತ್ತದೆ. ಎಲೆನ್ ಕಿಟಕಿಯಿಂದ ನೋಡುತ್ತಾಳೆ. ಅಷ್ಟೇ. ಯಾರೂ ಕಿರುಚುವುದಿಲ್ಲ, ರಕ್ತ ಇಲ್ಲ.

ಇಲ್ಲಿ ನಮ್ಮ ಕಡೆಯವರ ನೋಟ ಬೇರೆಯಾಗುತ್ತದೆ. ಕಾದಂಬರಿ ಬರುವ ಹಿಂದಿನ ವರ್ಷ, 1896ರಲ್ಲಿ, ಮುಂಬೈಗೆ ಪ್ಲೇಗ್ ಬಂದಿತ್ತು. ಮುಂದಿನ ಕೆಲ ವರ್ಷಗಳಲ್ಲಿ ಮುಂಬೈ ಪ್ರಾಂತದಲ್ಲೇ ಇದ್ದ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಗೂ ಹಬ್ಬಿತು. ಇಲಿ ಬಿದ್ದರೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕಿ ಇರುವುದು, ಇವೆಲ್ಲ ಮನೆಮನೆಯ ಹಿರಿಯರ ಬಾಯಲ್ಲಿ ಈಗಲೂ ಇವೆ. ನಾವು ಈ ಚಿತ್ರ ಹಾಕಿದಾಗ ಓಣಿಯ ಆಯಿಯೊಬ್ಬರು ಮೊದಲರ್ಧ ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಕುಳಿತಿದ್ದರು. ಇಲಿಗಳು ಪೆಟ್ಟಿಗೆಯಿಂದ ಹೊರಬಿದ್ದಾಗ ಮಾತ್ರ ಮುಂದೆ ಬಾಗಿದರು. ‘ಇಂವಾ ದೆವ್ವ ಅಲ್ಲೋ, ಬ್ಯಾನಿ ತಂದಾಂವ’ ಅಂದರು. ಸಿನಿಮಾ ವಿಮರ್ಶಕರು ಪುಟಗಟ್ಟಲೆ ಬರೆದಿದ್ದನ್ನು ಆಯಿ ಒಂದು ಸಾಲಿನಲ್ಲಿ ಮುಗಿಸಿದರು.

ಇದೇ ಜಾಗದಲ್ಲಿ ಒಂದು ಎಚ್ಚರವೂ ಬೇಕು. ಹೊರಗಿನಿಂದ ಬಂದ, ಬೇರೆ ಥರ ಕಾಣುವ, ಉದ್ದ ಮೂಗಿನ ಮನುಷ್ಯನೇ ರೋಗ ತರುತ್ತಾನೆ ಎಂಬ ಈ ಚಿತ್ರಣದಲ್ಲಿ ಆಗಿನ ಯುರೋಪಿನ ಯಹೂದಿ ದ್ವೇಷದ ನೆರಳಿದೆ ಅಂತ ಹಲವು ವಿಮರ್ಶಕರು ಹೇಳಿದ್ದಾರೆ. ಅದನ್ನು ತಳ್ಳಿಹಾಕುವುದು ಕಷ್ಟ. ಆದರೆ ಚಿತ್ರದೊಳಗೇ ಅದಕ್ಕೆ ಎದುರಾಗಿ ನಿಲ್ಲುವ ಒಂದು ದೃಶ್ಯ ಇದೆ. ರೋಗಕ್ಕೆ ಯಾರನ್ನಾದರೂ ಹೊಣೆ ಮಾಡಬೇಕು ಅಂತ ಊರಿನವರು ಹುಟ್ಟರ್‌ನ ಯಜಮಾನ, ಹುಚ್ಚನಾದ ನಾಕ್‌ನ ಬೆನ್ನು ಹತ್ತುತ್ತಾರೆ. ಹೊಲದಲ್ಲಿ ಓಡಿಸಿಕೊಂಡು ಹೋಗಿ ಬೆದರುಬೊಂಬೆಯ ಮೇಲೆ ಬಿದ್ದು ಅದನ್ನೇ ಹರಿದು ಹಾಕುತ್ತಾರೆ. 2020ರಲ್ಲಿ ಹಳ್ಳಿಗಳ ದಾರಿಗೆ ಮುಳ್ಳು ಹಚ್ಚಿದ್ದನ್ನು ಕಂಡವರು ಆ ದೃಶ್ಯವನ್ನು ಸುಮ್ನೆ ದಾಟಿ ಹೋಗಲಾರರು.

ಇನ್ನೊಂದು ಗುಣ, ಜಾಗಗಳು. ಆಗಿನ ಎಷ್ಟೋ ಜರ್ಮನ್ ಚಿತ್ರಗಳು ಸ್ಟುಡಿಯೊದಲ್ಲೇ ಬಣ್ಣ ಬಳಿದು ಲೋಕ ಕಟ್ಟುತ್ತಿದ್ದವು. ಮುರ್ನೌ ಹೊರಗೆ ಹೋದ. ಪಟ್ಟಣದ ದೃಶ್ಯಗಳು ಜರ್ಮನಿಯ ವಿಸ್ಮಾರ್ ಮತ್ತು ಲ್ಯೂಬೆಕ್‌ನವು. ಕೋಟೆ ಸ್ಲೊವಾಕಿಯಾದ ಒರಾವಾ. ಇಬ್ರಾಹಿಂ ರೋಜಾ, ಗೋಳಗುಮ್ಮಟ ನೋಡುತ್ತಾ ಬೆಳೆದವರಿಗೆ ನಿಜವಾದ ಹಳೆಯ ಕಲ್ಲು ಯಾವುದು, ಸೆಟ್ಟಿನ ಕಲ್ಲು ಯಾವುದು ಅಂತ ಹೇಳಿಕೊಡಬೇಕಾಗಿಲ್ಲ. ಓರ್ಲಾಕ್ ಕಮಾನಿನ ಕತ್ತಲಿನಿಂದ ಹೊರಗೆ ಬರುವಾಗ ಆ ಕಮಾನು ನಿಜದ್ದು ಅನ್ನುವುದೇ ಅರ್ಧ ಭಯ.

ನಗು ಬರುವ ಜಾಗಗಳೂ ಇವೆ. ಕುದುರೆಗಾಡಿ ಕಾಡಿನಲ್ಲಿ ಪಟಪಟ ಓಡುವ ದೃಶ್ಯಕ್ಕೆ ಎಲ್ಲರೂ ನಗುತ್ತಾರೆ. ನಗಲಿ. ಅದರ ಬೆನ್ನಲ್ಲೇ ಮರಗಳು ಬಿಳಿ, ಆಕಾಶ ಕಪ್ಪು ಆಗುವ ತುಣುಕು ಬರುತ್ತದೆ. ನೆಗೆಟಿವ್ ಅನ್ನೇ ನೇರವಾಗಿ ಬಳಸಿ ಮಾಡಿದ್ದು. ನಗು ಅಲ್ಲಿಗೆ ನಿಲ್ಲುತ್ತದೆ. ಇನ್ನೊಂದು ಕಡೆ ‘ತೋಳವಾಗುವ ಮನುಷ್ಯ’ ಅಂತ ಹೆದರಿಸಿ ಒಂದು ಪ್ರಾಣಿ ತೋರಿಸುತ್ತಾರೆ. ಅದು ಶುದ್ಧ ಕತ್ತೆಕಿರುಬ. ನಮ್ಮ ಕಡೆಯ ಕುರಿ ಕಾಯುವವರನ್ನು ಕೂರಿಸಿದರೆ ಒಂದೇ ಕ್ಷಣದಲ್ಲಿ ಗುರುತು ಹಿಡಿಯುತ್ತಾರೆ.

ಈಗ ಪ್ರತಿಯ ವಿಷಯ. ಜಾಸ್ತಿ ಜನ ಎಡವುವುದು ಇಲ್ಲೇ.

ಈ ಚಿತ್ರ ಯೂಟ್ಯೂಬಿನಲ್ಲಿ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹುಡುಕಿದರೆ ಹತ್ತಾರು ಪ್ರತಿಗಳು ಬರುತ್ತವೆ. ಮೊದಲು ಸಿಕ್ಕಿದ್ದನ್ನು ಒತ್ತಬೇಡಿ. ಮೊದಲು ಸಮಯ ನೋಡಿ. ದುರಸ್ತಿ ಮಾಡಿದ ಪೂರ್ಣ ಪ್ರತಿ ಸುಮಾರು 94 ನಿಮಿಷ. ಅದಕ್ಕಿಂತ ತೀರಾ ಕಡಿಮೆ ಇದ್ದರೆ ಕತ್ತರಿ ಬಿದ್ದಿದೆ, ಇಲ್ಲವೇ ವೇಗ ತಪ್ಪಿದೆ. ಮೂಕಿ ಕಾಲದ ಕ್ಯಾಮೆರಾ ಸೆಕೆಂಡಿಗೆ ತೆಗೆಯುತ್ತಿದ್ದ ಫ್ರೇಮ್, ಅಂದರೆ ಬಿಡಿಚಿತ್ರ, ಕಡಿಮೆ. ಈ ಚಿತ್ರವನ್ನು ದುರಸ್ತಿ ಮಾಡಿದವರು 18 ಫ್ರೇಮಿನ ವೇಗ ಇಟ್ಟುಕೊಂಡಿದ್ದಾರೆ. ಅದನ್ನೇ ಟಾಕಿಯ 24 ಫ್ರೇಮಿನ ವೇಗದಲ್ಲಿ ಓಡಿಸಿದರೆ ಎಲ್ಲರೂ ಬಸ್ಸು ತಪ್ಪಿದವರ ಹಾಗೆ ಓಡಾಡುತ್ತಾರೆ. ಓರ್ಲಾಕ್ ನಿಧಾನವಾಗಿ ನಡೆದು ಬರುವುದರಲ್ಲೇ ಭಯ ಇರುವುದು. ಅವನೇ ಓಡಿದರೆ ಏನು ಉಳಿಯಿತು?

ಆಮೇಲೆ ಬಣ್ಣ. ‘ಹಳೆಯ ಸಿನಿಮಾ ಅಂದರೆ ಕಪ್ಪು ಬಿಳುಪು’ ಅಂತ ನಾವು ನಂಬಿದ್ದೇವೆ. ಮೂಕಿ ಕಾಲದಲ್ಲಿ ಫಿಲ್ಮನ್ನೇ ಬಣ್ಣದಲ್ಲಿ ಅದ್ದಿ ತೆಗೆಯುತ್ತಿದ್ದರು. ಇಡೀ ದೃಶ್ಯಕ್ಕೆ ಒಂದು ಛಾಯೆ. ರಾತ್ರಿಗೆ ನೀಲಿ, ದೀಪದ ಬೆಳಕಿಗೆ ಹಳದಿ, ಬೆಳಗಿನ ಜಾವಕ್ಕೆ ಗುಲಾಬಿ. ಇದು ಅಲಂಕಾರ ಅಲ್ಲ, ಕತೆಗೇ ಬೇಕಾದದ್ದು. ಆಗ ರಾತ್ರಿ ಹೊತ್ತು ಹೊರಗೆ ಚಿತ್ರೀಕರಣ ಮಾಡುವುದು ಕಷ್ಟ. ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದರು. ನೀಲಿ ಛಾಯೆ ಹೋದರೆ ಓರ್ಲಾಕ್ ಮಟಮಟ ಮಧ್ಯಾಹ್ನ ಶವಪೆಟ್ಟಿಗೆ ಹೊತ್ತು ಬೀದಿಯಲ್ಲಿ ಹೋಗುತ್ತಾನೆ! ಕೊನೆಗೆ ಬಿಸಿಲು ಬಿದ್ದು ಸಾಯುತ್ತಾನೆ. ನೋಡುತ್ತಿದ್ದ ಹುಡುಗರು ‘ಅಲ್ರೀ, ಆಗಲೂ ಬಿಸಲಿತ್ತಲ್ಲ’ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತಪ್ಪು ಚಿತ್ರದ್ದಲ್ಲ, ಪ್ರತಿಯದ್ದು.

ಹೆಸರನ್ನೂ ನೋಡಿ. ದೃಶ್ಯಗಳ ನಡುವೆ ಬರುವ ಮಾತಿನ ಫಲಕಗಳಲ್ಲಿ ಓರ್ಲಾಕ್ ಬದಲು ‘ಕೌಂಟ್ ಡ್ರಾಕುಲಾ’ ಅಂತ ಇದ್ದರೆ ಅದು ಇಂಗ್ಲಿಷಿನವರಿಗಾಗಿ ಹಿಂದೆ ಯಾರೋ ಬದಲಾಯಿಸಿದ ಪ್ರತಿ. ನೋಡಬಾರದು ಅಂತಲ್ಲ. ಆದರೆ ಚಿತ್ರ ಮತ್ತು ಛಾಯೆ ಎರಡೂ ಅದರಲ್ಲಿ ಬಡವಾಗಿರುವುದೇ ಹೆಚ್ಚು. ಮುರ್ನೌ ಹೆಸರಿನ ಜರ್ಮನ್ ಪ್ರತಿಷ್ಠಾನ 2005-06ರ ಹೊತ್ತಿಗೆ ಮಾಡಿಸಿದ ದುರಸ್ತಿಯಲ್ಲಿ ಜರ್ಮನ್ ಫಲಕ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಇರುತ್ತವೆ. ಅದನ್ನೇ ಹುಡುಕಿ. ಈಚೆಗೆ ಕಂಪ್ಯೂಟರಿನಿಂದ ಪೂರ್ತಿ ಬಣ್ಣ ಹಚ್ಚಿ, ಚಲನೆ ನಯ ಮಾಡಿದ ಪ್ರತಿಗಳೂ ಓಡಾಡುತ್ತಿವೆ. ಅವನ್ನು ದೂರ ಇಡಿ. ಮುಖಗಳು ಮೇಣದ ಗೊಂಬೆಯಾಗಿರುತ್ತವೆ.

ಸಂಗೀತದಲ್ಲಿ ನಿಮಗೆ ಸ್ವಾತಂತ್ರ್ಯ ಇದೆ. ಚಿತ್ರಕ್ಕೆ ಮೂಲ ಸಂಗೀತ ಬರೆದವರು ಹಾನ್ಸ್ ಎರ್ಡ್‌ಮನ್. ದುರಸ್ತಿ ಮಾಡಿದ ಪ್ರತಿಯಲ್ಲಿ ಅದನ್ನೇ ಮತ್ತೆ ಕಟ್ಟಿ ನುಡಿಸಿದ್ದಾರೆ. ಮೊದಲ ಸಲ ಅದನ್ನೇ ಕೇಳಿ. ಎಷ್ಟೋ ಉಚಿತ ಪ್ರತಿಗಳಲ್ಲಿ ಸಂಬಂಧವೇ ಇಲ್ಲದ ಆರ್ಗನ್ ಒಂದೇ ಸಮ ಕುಯ್ಯುತ್ತಿರುತ್ತದೆ. ಅಂಥದ್ದು ಸಿಕ್ಕರೆ ದನಿ ಪೂರ್ತಿ ಬಂದ್ ಮಾಡಿ ಸರೋದ್ ಅಥವಾ ರುದ್ರವೀಣೆಯ ಆಲಾಪ ಹಚ್ಚಿ. ತಬಲಾ ಸೇರುವ ಭಾಗ ಬೇಡ, ಮಾತಿರುವ ಹಾಡಂತೂ ಬೇಡವೇ ಬೇಡ. ಹಡಗಿನ ದೃಶ್ಯಗಳಿಗೆ ಆಲಾಪ ಎಷ್ಟು ಹೊಂದುತ್ತದೆ ಅಂದರೆ, ನನಗೆ ಮೂಲ ಸಂಗೀತಕ್ಕಿಂತ ಅದೇ ಇಷ್ಟವಾಯಿತು. ಇದು ನನ್ನ ರುಚಿ ಅಷ್ಟೇ.

ಫಲಕಗಳನ್ನು ಒಬ್ಬರು ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಾ ಹೋಗಲಿ. ಇಂಗ್ಲಿಷ್ ಬಾರದ ಹಿರಿಯರಿಗೆ, ಓದಲು ನಿಧಾನವಾದ ಮಕ್ಕಳಿಗೆ ಅದು ಬೇಕು. ಮೂಕಿ ಕಾಲದಲ್ಲಿ ನಮ್ಮ ದೇಶದ ಟಾಕೀಸುಗಳಲ್ಲಿ ಹೀಗೆ ಓದಿ ಹೇಳುವವರು ಇರುತ್ತಿದ್ದರು. ಸ್ವಲ್ಪ ನಾಟಕದ ಗತ್ತು ಇರುವವರನ್ನು ಹುಡುಕಿ.

1931ರದ್ದಕ್ಕೆ ಬರೋಣ. ಯೂನಿವರ್ಸಲ್ ಕಂಪನಿಯ ಚಿತ್ರ, ನಿರ್ದೇಶಕ ಟಾಡ್ ಬ್ರೌನಿಂಗ್. ನ್ಯೂಯಾರ್ಕಿನಲ್ಲಿ ಅದು ತೆರೆಕಂಡಿದ್ದು ಫೆಬ್ರುವರಿಯಲ್ಲಿ. ಮುಂದಿನ ತಿಂಗಳೇ ಮುಂಬೈಯಲ್ಲಿ ನಮ್ಮ ಮೊದಲ ಟಾಕಿ ‘ಆಲಂ ಆರಾ’ ಬಂತು. ಅಂದರೆ ಮಾತು ಎಲ್ಲ ಕಡೆಯೂ ಹೊಸದು. ಈ ಚಿತ್ರದ ಬೇರು ಕಾದಂಬರಿಗಿಂತ ನಾಟಕದಲ್ಲಿದೆ. ಸ್ಟೋಕರ್‌ನ ಕತೆ ಮೊದಲು ರಂಗಕ್ಕೆ ಬಂದು ಗೆದ್ದಿತ್ತು. ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ 1927ರಿಂದ ಡ್ರಾಕುಲಾ ಪಾತ್ರ ಮಾಡಿದ್ದ ಬೆಲಾ ಲುಗೋಸಿಯೇ ಚಿತ್ರದಲ್ಲೂ ಡ್ರಾಕುಲಾ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ಕಂಪನಿ ನಾಟಕ ನೋಡಿದವರಿಗೆ ಲುಗೋಸಿಯ ಮಾತಿನ ಧಾಟಿ ತಕ್ಷಣ ಹಿಡಿಸುತ್ತದೆ. ಒಂದೊಂದು ಪದವನ್ನೂ ತೂಗಿ ಬಿಡುತ್ತಾನೆ. ಎರಡು ಮಾತಿನ ನಡುವೆ ಒಮ್ಮೆ ಸುಮ್ಮನೆ ನಿಂತು ನೋಡುತ್ತಾನೆ. ಸಿನಿಮಾದ ಸಹಜ ನಟನೆಗೆ ಒಗ್ಗಿದವರು ‘ಅತಿಯಾಯಿತು’ ಅಂದಾರು. ನಾಟಕದ ಕಣ್ಣಿನಿಂದ ನೋಡಿದರೆ ಅದು ಎಂಟ್ರಿ, ಗತ್ತು, ಚಪ್ಪಾಳೆಗೆ ಬಿಟ್ಟ ಜಾಗ.

ಕಾದಂಬರಿಯ ಕೌಂಟ್‌ಗೆ ಉದ್ದನೆಯ ಬಿಳಿ ಮೀಸೆ ಇದೆ. ಓರ್ಲಾಕ್‌ಗೆ ಬೋಳು ತಲೆ, ಇಲಿಯ ಹಲ್ಲು. ಲುಗೋಸಿಯದ್ದು ಎಣ್ಣೆ ಹಚ್ಚಿ ಬಾಚಿದ ಕೂದಲು, ಕಪ್ಪು ಸೂಟು, ಮೇಲೊಂದು ನಿಲುವಂಗಿ. ಇಂದು ಡ್ರಾಕುಲಾ ಅಂದರೆ ಮಕ್ಕಳು ಬರೆಯುವ ಚಿತ್ರ ಇವನದೇ. ತಮಾಷೆ ಏನೆಂದರೆ ಈ ಚಿತ್ರದಲ್ಲಿ ಅವನ ಕೋರೆಹಲ್ಲು ಒಮ್ಮೆಯೂ ಕಾಣುವುದಿಲ್ಲ.

ಮೊದಲ ಇಪ್ಪತ್ತು ನಿಮಿಷ ಅದ್ಭುತ. ಕ್ಯಾಮೆರಾ ಕಾರ್ಲ್ ಫ್ರಾಯಿಂಡ್ ಅವರದು. ಮುರ್ನೌ ಜೊತೆಗೂ ಕೆಲಸ ಮಾಡಿದವರು. ಪಾಳುಬಿದ್ದ ಕೋಟೆ, ದೊಡ್ಡ ಮೆಟ್ಟಿಲು, ಜೇಡರ ಬಲೆ. ಡ್ರಾಕುಲಾ ಆ ಬಲೆ ಹರಿಯದೆ ದಾಟಿ ಹೋಗುತ್ತಾನೆ, ಅತಿಥಿ ಕೋಲಿನಿಂದ ಹರಿದು ಬರಬೇಕಾಗುತ್ತದೆ. ಆ ಅತಿಥಿ ಇಲ್ಲಿ ಹಾರ್ಕರ್ ಅಲ್ಲ, ಕಾದಂಬರಿಯಲ್ಲಿ ಹುಚ್ಚಾಸ್ಪತ್ರೆಯಲ್ಲಿರುವ ರೆನ್‌ಫೀಲ್ಡ್. ಕಾದಂಬರಿ ಓದಿದವರಿಗೆ ಇದು ಮೊದಲ ಮುಳ್ಳು. ಟ್ರಾನ್ಸಿಲ್ವೇನಿಯಾದ ಕೋಟೆಯಲ್ಲಿ ಅಮೆರಿಕದ ಚಿಪ್ಪಿನ ಪ್ರಾಣಿ ಆರ್ಮಡಿಲೊಗಳು ಯಾಕೆ ಓಡಾಡುತ್ತವೆ ಅಂತ ಕೇಳಬೇಡಿ. ಲಂಡನ್ನಿಗೆ ಬಂದ ಮೇಲೆ ಚಿತ್ರ ಬೈಠಕ್ ಖೋಲಿಯಲ್ಲಿ ಕೂತುಬಿಡುತ್ತದೆ. ಮುಖ್ಯವಾದದ್ದು ಹೊರಗೆ ಎಲ್ಲೋ ನಡೆಯುತ್ತದೆ, ಒಳಗೆ ಅದರ ಬಗ್ಗೆ ಮಾತಾಡುತ್ತಾರೆ. ಹಿನ್ನೆಲೆ ಸಂಗೀತವೂ ಇಲ್ಲ. ಆರಂಭದ ಹೆಸರುಗಳ ಜೊತೆ ಚೈಕೋವ್‌ಸ್ಕಿಯ ‘ಸ್ವಾನ್ ಲೇಕ್’ ತುಣುಕು ಕೇಳುತ್ತದೆ. ಮುಂದೆ ಒಂದು ನಾಟಕಶಾಲೆಯ ದೃಶ್ಯ ಬಿಟ್ಟರೆ ಹೆಚ್ಚುಕಡಿಮೆ ಮೌನ. ನನಗೆ ಆ ಮೌನ ಇಷ್ಟ. ಊಟ ಆದ ಮೇಲೆ ನೋಡುವವರಿಗೆ ಮಾತ್ರ ಅದೇ ಜೋಗುಳ. 1998ರಲ್ಲಿ ಫಿಲಿಪ್ ಗ್ಲಾಸ್ ಇದಕ್ಕೆ ಹೊಸದಾಗಿ ತಂತಿವಾದ್ಯದ ಸಂಗೀತ ಬರೆದರು. ಆ ಪ್ರತಿಯೂ ಸಿಗುತ್ತದೆ. ಎರಡನೇ ಸಲ ನೋಡುವಾಗ ಅದನ್ನು ಆರಿಸಬಹುದು. ಮೊದಲ ಸಲ ಬೇಡ, ಏಕೆಂದರೆ ಅದು ಎಲ್ಲಿಯೂ ಉಸಿರು ಬಿಡುವುದಿಲ್ಲ.

ಸ್ಪ್ಯಾನಿಷ್ ಚಿತ್ರದ್ದು ಬೇರೆ ಕತೆ. ಆಗ ಡಬ್ಬಿಂಗ್ ಇನ್ನೂ ಸರಿಯಾಗಿ ಬಂದಿರಲಿಲ್ಲ. ಬೇರೆ ಭಾಷೆಯ ಮಾರುಕಟ್ಟೆ ಬೇಕು ಅಂದರೆ ಚಿತ್ರವನ್ನೇ ಮತ್ತೆ ತೆಗೆಯುತ್ತಿದ್ದರು. ಹಗಲು ಬ್ರೌನಿಂಗ್ ತಂಡ. ಅವರು ಮನೆಗೆ ಹೋದ ಮೇಲೆ ರಾತ್ರಿ ಜಾರ್ಜ್ ಮೆಲ್ಫೋರ್ಡ್ ತಂಡ. ಸೆಟ್ ಒಂದೇ. ರಾತ್ರಿಯವರಿಗೆ ಹಗಲಿನವರು ತೆಗೆದ ತುಣುಕು ನೋಡುವ ಅವಕಾಶ ಇತ್ತು. ‘ನಾವು ಇನ್ನೂ ಚೆಂದ ಮಾಡಿ ತೋರಿಸೋಣ’ ಅಂತ ಹಟಕ್ಕೆ ಬಿದ್ದರು. ಅದು ಕಾಣುತ್ತದೆ. ಕ್ಯಾಮೆರಾ ಜಾಸ್ತಿ ಓಡಾಡುತ್ತದೆ, ಇಂಗ್ಲಿಷಿನಲ್ಲಿ ಬಾಯಿಮಾತಿನಲ್ಲಿ ಮುಗಿದದ್ದು ಇಲ್ಲಿ ಕಣ್ಣೆದುರು ನಡೆಯುತ್ತದೆ. ನಾಯಕಿ ಲುಪಿತಾ ತೊವಾರ್ ನಟನೆಯಲ್ಲಿ ಜೀವಕಳೆ ಇದೆ. ಇಂಗ್ಲಿಷ್ ಚಿತ್ರ ಸುಮಾರು 75 ನಿಮಿಷ, ಇದು 104. ಹಾಗಿದ್ದರೆ ಇದೇ ಉತ್ತಮ ಅಲ್ವಾ? ಬಹಳ ಜನ ಹಾಗೇ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಡ್ರಾಕುಲಾ ಆಗಿರುವ ಕಾರ್ಲೊಸ್ ವಿಯಾರಿಯಾಸ್ ಕಣ್ಣು ಅರಳಿಸಿ ಹಲ್ಲು ಕಿಸಿದರೆ ಭಯಕ್ಕಿಂತ ಮುಜುಗರ ಆಗುತ್ತದೆ. ಲುಗೋಸಿಯ ಜಾಗ ತುಂಬಲು ಅವನಿಂದ ಆಗಿಲ್ಲ. ಸಿನಿಮಾ ಕಲಿಯುವ ಹುಡುಗರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ. ಡಿಸ್ಕಿನಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಮೆಟ್ಟಿಲಿನ ದೃಶ್ಯ ಒಂದರಲ್ಲಿ ನೋಡಿ, ಕೂಡಲೇ ಇನ್ನೊಂದರಲ್ಲಿ ನೋಡಿ. ಕ್ಯಾಮೆರಾ ಎಲ್ಲಿಡಬೇಕು ಎಂಬುದರ ಬಗ್ಗೆ ಒಂದು ವಾರದ ಜಗಳಕ್ಕೆ ಸಾಕಾಗುವಷ್ಟು ಸಿಗುತ್ತದೆ.

1958ರ ಬ್ರಿಟಿಷ್ ಚಿತ್ರದಲ್ಲಿ ಕ್ರಿಸ್ಟೊಫರ್ ಲೀ, ಪೀಟರ್ ಕುಶಿಂಗ್, ಕೆಂಪು ರಕ್ತ, ಕೋರೆಹಲ್ಲು ಎಲ್ಲ ಇವೆ. ವೇಗವಾಗಿದೆ, ಮಜಾ ಇದೆ. ಹಳೆಯದರ ರುಚಿ ಬೇಕು ಅಂತ ಬಂದವರಿಗೆ ಇದು ಆಗಲೇ ಹೊಸ ಸಿನಿಮಾ. ಇನ್ನು ಕಾಲೇಜು ಹುಡುಗ ಹೇಳಿದ 2024ರ ‘ನೊಸ್ಫೆರಾಟು’ ನೋಡಿದವರು 1922ರದ್ದನ್ನು ಆಮೇಲಾದರೂ ನೋಡಲೇಬೇಕು. ಗೋಡೆಯ ಮೇಲಿನ ಆ ಕೈಯ ನೆರಳು ಮೊದಲು ಯಾರದಾಗಿತ್ತು ಅಂತ ಗೊತ್ತಾಗಲಿ.

ಕಾದಂಬರಿ ಓದಿಲ್ಲದವರು ಪೂರ್ತಿ ಓದಿ ಬರಲಿ ಅಂತ ನಾನು ಹೇಳುವುದಿಲ್ಲ. ಮೊದಲ ನಾಲ್ಕು ಅಧ್ಯಾಯ ಸಾಕು. ಹಾರ್ಕರ್ ಕೋಟೆಯಲ್ಲಿ ಸಿಕ್ಕಿಬಿದ್ದು ಬರೆದ ದಿನಚರಿ ಅದು. ಮೂರೂ ಚಿತ್ರಗಳು ಅಲ್ಲಿಂದಲೇ ಹೊರಡುತ್ತವೆ. ಯಾರು ಏನು ಬಿಟ್ಟರು, ಏನು ಸೇರಿಸಿದರು ಅಂತ ನೀವೇ ಹಿಡಿಯಬಹುದು.

ಮಾಳಿಗೆ ಮೇಲೆ ಹಾಕುವುದಾದರೆ ಬೇಸಿಗೆಯಲ್ಲಿ ಏಳೂವರೆಗೆ ಮುಂಚೆ ಶುರು ಮಾಡಬೇಡಿ. ಆಕಾಶದಲ್ಲಿ ಸ್ವಲ್ಪ ಬೆಳಕಿದ್ದರೂ ನೀಲಿ ಛಾಯೆ ಗೋಡೆಯಲ್ಲಿ ಕರಗಿಹೋಗುತ್ತದೆ. ಮೊಬೈಲಿನಲ್ಲಿ ಮೂಕಿ ಚಿತ್ರ ನೋಡಬೇಡಿ. ಕರೆಂಟಿನ ಮೇಲೆ ಭರವಸೆ ಇಲ್ಲದವರು ಪ್ರತಿಯನ್ನು ಮೊದಲೇ ಇಳಿಸಿಕೊಂಡು ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಳ್ಳಿ. ಸಣ್ಣ ಮಕ್ಕಳಿದ್ದರೆ 1931ರದ್ದು ಅಥವಾ 1922ರದ್ದು ಆದೀತು, 1958ರದ್ದು ಬೇಡ. ಅರ್ಧ ಗಂಟೆಗೆ ಬೇಸರ ಬಂದು ಮಕ್ಕಳು ಎದ್ದು ಹೋದರೆ ಹೋಗಲಿ ಬಿಡಿ. ಹಡಗಿನ ಭಾಗ ಬಂದಾಗ ಕರೆಯಿರಿ.